ಬೆಟ್ಟದ ಸ್ಟೇಜ್ ನೋಡುವಾಗ ಮೊದಲು ಜರ್ಸಿ ಎಣಿಸಿ

ಆಷಾಢದಲ್ಲಿ ವಿಜಯಪುರದಿಂದ ತಿಕೋಟಾ ಕಡೆಗೆ ಸೈಕಲ್ ಹೊಡೆದವರಿಗೆ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ. ಎದುರುಗಾಳಿ ಎದೆಗೇ ಬಡಿಯುತ್ತದೆ. ಮುಂದಿನವನ ಸೈಕಲ್ಲಿನ ಹಿಂದಿನ ಗಾಲಿಗೆ ಹತ್ತಿಕೊಂಡು ಹೋದರೆ ಕಾಲು ಹಗುರ, ನಾಲ್ಕು ಮಾರು ಹಿಂದೆ ಬಿದ್ದರೆ ಮುಗಿಯಿತು, ಮತ್ತೆ ಗುಂಪು ಸೇರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ನಮ್ಮ ಕಡೆ, ಬಾಗಲಕೋಟೆ ಕಡೆ, ಇದೇ ಗಾಳಿಯಲ್ಲಿ ಬೆಳೆದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಆದರೂ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಬೆಟ್ಟದ ಸ್ಟೇಜ್, ಅಂದರೆ ಬೆಟ್ಟ ಹತ್ತುವ ಒಂದು ದಿನದ ಓಟ, ಟಿವಿಯಲ್ಲಿ ಹಾಕಿದರೆ ನಮ್ಮಲ್ಲೇ ಬಹಳ ಜನ ಅರ್ಧ ಗಂಟೆಗೆ ಎದ್ದು ಹೋಗುತ್ತಾರೆ. ಏನೂ ನಡೆಯುತ್ತಿಲ್ಲ ಅನಿಸುತ್ತದೆ. ನಿಜಕ್ಕೂ ಬೇಕಾದಷ್ಟು ನಡೆಯುತ್ತಿರುತ್ತದೆ, ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು ಅಷ್ಟೇ.

ಸ್ಟೇಜ್ ಶುರುವಾಗುವ ಮೊದಲು ಆ ದಿನದ ಏರಿಳಿತದ ನಕ್ಷೆ ತೆಗೆದು ನೋಡಿ. ಕೊನೆಯ ಏರು ಎಷ್ಟು ಉದ್ದ, ಎಷ್ಟು ಕಡಿದು ಅನ್ನುವುದು ಒಂದು. ಒಂದು ಬೆಟ್ಟ ಇಳಿದು ಇನ್ನೊಂದು ಹತ್ತುವ ಮೊದಲು ನಡುವೆ ಬಯಲು ದಾರಿ ಎಷ್ಟಿದೆ ಅನ್ನುವುದು ಇನ್ನೊಂದು, ಇದನ್ನು ಜನ ನೋಡುವುದೇ ಇಲ್ಲ. ಶೇಕಡಾ 9ರ ಏರು ಅಂದರೆ 100 ಮೀಟರ್ ಮುಂದೆ ಹೋದರೆ 9 ಮೀಟರ್ ಮೇಲೆ. ಇಟಲಿಯ ಫಿನೆಸ್ತ್ರೆ ಘಾಟ್ 18.5 ಕಿ.ಮೀ. ಉದ್ದ, ಸರಾಸರಿ ಏರು ಶೇಕಡಾ 9.2, ಮೇಲಿನ ಸುಮಾರು 8 ಕಿ.ಮೀ. ಡಾಂಬರೇ ಇಲ್ಲದ ಕಚ್ಚಾ ರಸ್ತೆ. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅಂಥ ಮೂವತ್ತಕ್ಕೂ ಜಾಸ್ತಿ ಗುಮ್ಮಟ ಒಂದರ ಮೇಲೊಂದು ಇಟ್ಟಷ್ಟು ಎತ್ತರವನ್ನು ಒಂದೇ ದಮ್ಮಿಗೆ ಹತ್ತಬೇಕು.

ಈಗ ಒಂದೊಂದು ಟೀಮಿನ ಜರ್ಸಿ ಎಣಿಸಿ. ದೊಡ್ಡ ರೇಸ್‌ನಲ್ಲಿ ಒಂದು ಟೀಮಿಗೆ 8 ಜನ. ಅವರಲ್ಲಿ ಗೆಲ್ಲಬೇಕಾದವನು ಒಬ್ಬ, ಉಳಿದವರು ಅವನಿಗಾಗಿ ದುಡಿಯುವವರು. ಮೈತೂಕ ಇರುವವರು ಬಯಲಲ್ಲಿ ಗಾಳಿಗೆ ಎದೆ ಕೊಡುತ್ತಾರೆ, ಟೀಮ್ ಕಾರಿನಿಂದ ಎಲ್ಲರಿಗೂ ನೀರಿನ ಬಾಟಲಿ ತರುತ್ತಾರೆ. ಏರು ಶುರುವಾದ ಮೇಲೆ ಹಗುರ ಮೈಯವರು ಒಬ್ಬೊಬ್ಬರಾಗಿ ಮುಂದೆ ಬಂದು, ತಮ್ಮಲ್ಲಿ ಇದ್ದದ್ದೆಲ್ಲ ಖರ್ಚು ಮಾಡಿ ಪಕ್ಕಕ್ಕೆ ಸರಿಯುತ್ತಾರೆ. ಸರಿದವನು ಸೋತ ಅಂತ ತಿಳಿಯಬೇಡಿ, ಅವನ ಕೆಲಸ ಅಲ್ಲಿಗೆ ಪೂರ್ತಿ ಆಯಿತು. ಕೊನೆಯ ಬೆಟ್ಟದ ಬುಡದಲ್ಲಿ ಯಾರ ಹತ್ತಿರ ಎಷ್ಟು ಜನ ಉಳಿದಿದ್ದಾರೆ ಅಂತ ಲೆಕ್ಕ ಇಟ್ಟರೆ ಮುಂದಿನ ಅರ್ಧ ಗಂಟೆಯ ಕತೆ ಬಹುಪಾಲು ತಿಳಿಯುತ್ತದೆ.

ಬೆಟ್ಟದಲ್ಲಿ ವೇಗ ಗಂಟೆಗೆ 20 ಕಿ.ಮೀ. ಸುತ್ತ ಇರುವಾಗ ಗಾಳಿಯ ಮರೆ ಅಷ್ಟೊಂದು ಸಿಗುವುದಿಲ್ಲ, ಹಾಗಾದರೆ ಟೀಮ್ ಯಾಕೆ ಅಂತ ಕೇಳಬಹುದು. ವೇಗ ಹಿಡಿದಿಡುವುದಕ್ಕೆ. 2012ರಲ್ಲಿ ಬ್ರಾಡ್ಲಿ ವಿಗ್ಗಿನ್ಸ್ ಟೂರ್ ಗೆದ್ದಾಗ ಅವನ ಸ್ಕೈ ಟೀಮ್ ಮಾಡಿದ್ದು ಇದನ್ನೇ. ಎಲ್ಲರ ತೊಡೆ ಉರಿಯುವಷ್ಟು ಜೋರಾಗಿ, ಆದರೆ ಒಂದೇ ಸಮ ಮುಂದೆ ಇದ್ದು ಗುಂಪನ್ನು ಎಳೆಯುತ್ತಾ ಹೋದರು. ಆ ವೇಗಕ್ಕಿಂತ ಇನ್ನೂ ಜೋರಾಗಿ ಹೋದರೆ ಮಾತ್ರ ಅಟ್ಯಾಕ್, ಅಂದರೆ ಗುಂಪು ಬಿಟ್ಟು ಮುಂದೆ ಜಿಗಿಯುವುದು, ಆಗುತ್ತದೆ, ಅಷ್ಟು ಶಕ್ತಿ ಯಾರಲ್ಲೂ ಉಳಿದಿರುವುದಿಲ್ಲ.

ಇದನ್ನು ಮುರಿಯುವ ದಾರಿಯೂ ಇದೆ. 2022ರ ಜುಲೈ 13, ಟೂರ್‌ನ ಗಾಲಿಬಿಯೆ ಬೆಟ್ಟ. ತದೇಯ್ ಪೊಗಾಚರ್ ಹಳದಿ ಜರ್ಸಿಯಲ್ಲಿದ್ದ, ಅಂದರೆ ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿದ್ದ. ಯುಂಬೋ ಟೀಮಿನ ಪ್ರಿಮೋಜ್ ರೋಗ್ಲಿಚ್ ಒಮ್ಮೆ ಜಿಗಿದ, ಅದೇ ಟೀಮಿನ ಯೋನಾಸ್ ವಿಂಗೆಗೋರ್ ಇನ್ನೊಮ್ಮೆ ಜಿಗಿದ, ಮತ್ತೆ ರೋಗ್ಲಿಚ್. ಕುಸ್ತಿ ಕಣದಲ್ಲಿ ಒಬ್ಬ ಪೈಲ್ವಾನನ ಮೇಲೆ ಇಬ್ಬರು ಪಾಳಿ ಹಚ್ಚಿದಂತೆ. ಪೊಗಾಚರ್ ಪ್ರತಿ ಸಲವೂ ತಾನೇ ಬೆನ್ನಟ್ಟಿದ. ಆಗ ಅವನು ಬಹಳ ಗಟ್ಟಿಯಾಗಿ ಕಂಡ. ಕೊನೆಯ ಗ್ರಾನೋ ಬೆಟ್ಟದಲ್ಲಿ 5 ಕಿ.ಮೀ. ಸುಮಾರು ಉಳಿದಾಗ ವಿಂಗೆಗೋರ್ ಹೊರಟ. ಪೊಗಾಚರ್‌ನ ಕಾಲು ಬರಲೇ ಇಲ್ಲ. ಸ್ಟೇಜೂ ಹೋಯಿತು, ಹಳದಿ ಜರ್ಸಿಯೂ ಹೋಯಿತು, 2 ನಿಮಿಷ 51 ಸೆಕೆಂಡ್ ನಷ್ಟ. ಅದೇ ದಿನ ರೋಗ್ಲಿಚ್ ಕೂಡ ತುಂಬ ಹಿಂದೆ ಬಿದ್ದ, ಆದರೆ ಅವನು ಮಾಡಿದ ಖರ್ಚಿನ ಲಾಭ ಅವನ ಟೀಮಿಗೇ ಬಂತು. ಹಾಗಾಗಿ ದೂರದಲ್ಲಿ ಯಾರಾದರೂ ಜಿಗಿದರೆ, ಜಿಗಿದವನನ್ನು ಬಿಟ್ಟು ಬೆನ್ನಟ್ಟುವವನನ್ನು ನೋಡಿ. ಟೀಮಿನವನು ಬೆನ್ನಟ್ಟುತ್ತಿದ್ದಾನಾ, ಲೀಡರ್ ತಾನೇ ಏಳುತ್ತಿದ್ದಾನಾ?

ಇನ್ನು ನನಗೆ ಅತ್ಯಂತ ಇಷ್ಟವಾದ ಪಾಠ. 2025ರ ಮೇ 31, ಇಟಲಿಯ ದೊಡ್ಡ ರೇಸ್ ಜಿರೋ ದಿತಾಲಿಯಾದ 20ನೇ ಸ್ಟೇಜ್, ಅದೇ ಫಿನೆಸ್ತ್ರೆ. ಇಸಾಕ್ ಡೆಲ್ ಟೊರೊ ಗುಲಾಬಿ ಜರ್ಸಿಯಲ್ಲಿದ್ದ (ಜಿರೋದಲ್ಲಿ ಎಲ್ಲರಿಗಿಂತ ಮುಂದಿರುವವನದು ಈ ಬಣ್ಣ), ರಿಚರ್ಡ್ ಕರಪಾಸ್ 43 ಸೆಕೆಂಡ್ ಹಿಂದೆ, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ. ಕರಪಾಸ್ ಜಿಗಿದ, ಡೆಲ್ ಟೊರೊ ಅವನ ಗಾಲಿ ಹಿಡಿದ. ಹಿಂದಿನಿಂದ ಬಂದು ಸೇರಿದ ಯೇಟ್ಸ್ ಇಬ್ಬರನ್ನೂ ದಾಟಿ ಹೊರಟುಬಿಟ್ಟ. ನಮ್ಮ ಮನೆಯಲ್ಲಿ ಅಣ್ಣನ ಮಗ ಫೋನ್ ಹಿಡಿದುಕೊಂಡು ನೋಡುತ್ತಿದ್ದ. "ಕಾಕಾ, ಅಂವ ಹೊಂಟಾನ, ಇವ್ರಿಬ್ರು ಯಾಕ ಸುಮ್ನ ಅದಾರ?" ಅಂದ. ಸರಿಯಾದ ಪ್ರಶ್ನೆ. ಡೆಲ್ ಟೊರೊ ಬೆನ್ನಟ್ಟಿದರೆ ಕರಪಾಸ್ ಹಿಂದೆ ಕೂತು ದಣಿವಾರಿಸಿಕೊಂಡು ಕೊನೆಗೆ ಅವನನ್ನೇ ಬಿಟ್ಟು ಓಡುತ್ತಾನೆ. ಕರಪಾಸ್ ಬೆನ್ನಟ್ಟಿದರೆ ಡೆಲ್ ಟೊರೊಗೆ ಪುಕ್ಕಟೆ ಸವಾರಿ. ನೀನು ಎಳೆ, ನೀನು ಎಳೆ ಅಂತ ಮುಖ ಮುಖ ನೋಡಿಕೊಂಡರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅಂತಾರಲ್ಲ, ಅದು ಇಲ್ಲಿ ಗಡಿಯಾರದಲ್ಲಿ ಕಾಣಿಸಿತು.

ಆದರೆ ಆ ಒಂದೇ ಕಾರಣಕ್ಕೆ ಯೇಟ್ಸ್ ಗೆಲ್ಲಲಿಲ್ಲ. ಅವನ ಟೀಮಿನ ವೌಟ್ ವಾನ್ ಆರ್ಟ್ ಬ್ರೇಕ್‌ಅವೇಯಲ್ಲಿ, ಅಂದರೆ ದೊಡ್ಡ ಗುಂಪು ಬಿಟ್ಟು ಮೊದಲೇ ಓಡಿದ ಸಣ್ಣ ಗುಂಪಿನಲ್ಲಿ, ಮುಂದೆ ಹೋಗಿದ್ದ. ಬೆಟ್ಟದ ಆಚೆ ಯೇಟ್ಸ್‌ಗಾಗಿ ಕಾದು, ಮುಂದಿನ ದಾರಿಯಲ್ಲಿ ಸೆಸ್ತ್ರಿಯೆರೆ ಕಡೆಗೆ ಎಳೆದುಕೊಂಡು ಹೋದ. ಮೊದಲು ನಕ್ಷೆಯಲ್ಲಿ ಬಯಲು ದಾರಿ ಹುಡುಕಿ ಅಂದೆನಲ್ಲ, ಇದಕ್ಕೇ. ಒಬ್ಬಂಟಿ ಸವಾರ ಬೆಟ್ಟದಲ್ಲಿ ಗಳಿಸಿದ್ದನ್ನು ಕಳೆದುಕೊಳ್ಳುವುದು ಅಲ್ಲೇ. ಆ ದಿನ ಉಳಿದಿಬ್ಬರು ಯೇಟ್ಸ್‌ಗಿಂತ 5 ನಿಮಿಷಕ್ಕೂ ಜಾಸ್ತಿ ಹಿಂದೆ ಬಂದರು, ಜಿರೋ ಅವನದಾಯಿತು. 2018ರಲ್ಲಿ ಗುಲಾಬಿ ಜರ್ಸಿ ತೊಟ್ಟಿದ್ದ ಇದೇ ಯೇಟ್ಸ್, ಇದೇ ಬೆಟ್ಟದ ದಿನ, ಕ್ರಿಸ್ ಫ್ರೂಮ್ 80 ಕಿ.ಮೀ. ಒಬ್ಬನೇ ಓಡಿ ಗೆದ್ದಾಗ, ಅರ್ಧ ಗಂಟೆಗೂ ಜಾಸ್ತಿ ಕಳೆದುಕೊಂಡಿದ್ದ. ಅದು ಗೊತ್ತಿದ್ದು ನೋಡಿದರೆ ಕಣ್ಣು ಒದ್ದೆಯಾಗುತ್ತದೆ.

ಬ್ರೇಕ್‌ಅವೇ ಹೋದ ಕೂಡಲೇ ಅದರಲ್ಲಿ ಯಾವ ಲೀಡರ್‌ನ ಹುಡುಗ ಇದ್ದಾನೆ ಅಂತ ಬರೆದಿಟ್ಟುಕೊಳ್ಳಿ.

ಒಂದೇ ಟೀಮಿನೊಳಗಿನ ಪೈಪೋಟಿಯನ್ನು ಗುರುತಿಸುವುದು ಸ್ವಲ್ಪ ಕಷ್ಟ. ತನ್ನವನು ಮುಂದೆ ಇದ್ದಾಗ ಹಿಂದಿನವನು ಎಳೆಯಬಾರದು, ಇದು ನಿಯಮವಲ್ಲ, ರೂಢಿ. ಎಳೆಯುತ್ತಿದ್ದರೆ ಒಳಗೆ ಏನೋ ಇದೆ. 1985ರಲ್ಲಿ ಬರ್ನಾರ್ ಇನೋ ಟೂರ್ ಗೆಲ್ಲಲು ಅವನದೇ ಟೀಮಿನ ಗ್ರೆಗ್ ಲೆಮಾಂಡ್ ದುಡಿದಿದ್ದ, ಮರುವರ್ಷ ನಿನಗೆ ಸಹಾಯ ಮಾಡುತ್ತೇನೆ ಅಂದಿದ್ದ ಇನೋ 1986ರಲ್ಲಿ ತಾನೇ ಅಟ್ಯಾಕ್ ಮಾಡಿದ. ಲೆಮಾಂಡ್‌ಗೆ ಕೊನೆಗೆ ಹಳದಿ ಜರ್ಸಿ ಬಂದದ್ದು ಅದೇ ಗ್ರಾನೋ ಬೆಟ್ಟದಲ್ಲಿ. ಸ್ಪೇನಿನ ದೊಡ್ಡ ರೇಸ್ ವುವೆಲ್ತಾದಲ್ಲಿ, 2023ರಲ್ಲಿ, ಸೆಪ್ ಕುಸ್ ಮುಂದಿರುವವನ ಕೆಂಪು ಜರ್ಸಿಯಲ್ಲಿದ್ದಾಗ ಅಂಗ್ಲಿರು ಬೆಟ್ಟದಲ್ಲಿ ಅವನದೇ ಟೀಮಿನ ರೋಗ್ಲಿಚ್, ವಿಂಗೆಗೋರ್ ಅವನನ್ನು ಬಿಟ್ಟು ಹೋದರು. ಆ ವರ್ಷ ರೋಗ್ಲಿಚ್ ಜಿರೋ, ವಿಂಗೆಗೋರ್ ಟೂರ್ ಗೆಲ್ಲಲು ಬೆವರು ಹರಿಸಿದವನು ಕುಸ್. ಅವನ ಜೊತೆ ಮೇಲಿನವರೆಗೆ ಎಳೆದದ್ದು ಬೇರೆ ಟೀಮಿನ ಮಿಕೆಲ್ ಲಾಂಡಾ. 8 ಸೆಕೆಂಡಿನ ಅಂತರದಲ್ಲಿ ಜರ್ಸಿ ಉಳಿಯಿತು, ಆಮೇಲೆ ಟೀಮ್ ಅವನ ಬೆನ್ನಿಗೆ ನಿಂತಿತು, ಅವನೇ ಗೆದ್ದ. ನನ್ನ ಮಟ್ಟಿಗೆ ಅಂಗ್ಲಿರು ಮೇಲೆ ಅವರಿಬ್ಬರು ಮಾಡಿದ್ದು ತಪ್ಪು.

ಓದಿದ್ದು ಕಾಲಿಗೂ ತಿಳಿಯಬೇಕು ಅಂದರೆ ಮೂವರು ಸೇರಿ ಬೆಳಗಾವಿ ಹತ್ತಿರದ ಯಳ್ಳೂರಿನ ರಾಜಹಂಸಗಡ ಹತ್ತಿ. ಇಬ್ಬರು ಪಾಳಿಯ ಮೇಲೆ ಜಿಗಿಯಲಿ, ಮೂರನೆಯವನು ಪ್ರತಿ ಸಲವೂ ಬೆನ್ನಟ್ಟಲಿ. ಮುಂದಿನ ವಾರ ಅದೇ ಏರು ಹತ್ತಿ, ಈ ಸಲ ಬೆನ್ನಟ್ಟುವವನು ಏಳದೆ ತನ್ನದೇ ಸಮ ವೇಗದಲ್ಲಿ ಹೋಗಲಿ, ಎರಡೂ ದಿನದ ಸಮಯ ಬರೆದುಕೊಳ್ಳಿ. ಮಳೆಗಾಲದಲ್ಲಿ ಹೋದರೆ ಇಳಿಯುವಾಗ ನಿಧಾನ, ರಸ್ತೆ ಜಾರುತ್ತದೆ.