ಚಾಪೆ ಮೇಲೆ ಕಲಿತ ಉಸಿರು: ಈಟಿ ಮೀನುಗಾರಿಕೆಯ ನನ್ನ ಅನುಭವ

"ಚಾಪೆ ಮೇಲೆ ಮಲಗಿ ಉಸಿರು ಕಟ್ಟಿದರೆ ಸಮುದ್ರದಲ್ಲಿ ಮೀನು ಸಿಗ್ತದಾ ಮಾರಾಯ?" ಉಸಿರು ಕಟ್ಟಿ ಮುಳುಗಿ ಈಟಿಯಿಂದ ಮೀನು ಹೊಡೆಯುವ ಕಾರವಾರದ ನಮ್ಮ ಗುಂಪಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಹಾಗೆ ಕೇಳಿದವರಲ್ಲೇ ಇಬ್ಬರು ಈಗ ಮನೆಯಲ್ಲಿ ಚಾಪೆ ಹಾಸಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಬಂತು. ಈಟಿ ಗನ್ನಿಗೆ ರಬ್ಬರ್ ಎಳೆಯುವುದು, ಆಳದ ಒತ್ತಡಕ್ಕೆ ಕಟ್ಟಿದ ಕಿವಿ ಬಿಡಿಸುವುದು ಇಲ್ಲಿ ಹೇಳುವುದಿಲ್ಲ, ಹೆಚ್ಚಾಗಿ ಉಸಿರಿನ ಮಾತೇ.

ಮೊದಲು ನೀರಿನಡಿ ನನ್ನ ಕಥೆ ನಲವತ್ತು ಸೆಕೆಂಡಿಗೆ ಮುಗಿಯುತ್ತಿತ್ತು. ಗೊಬ್ರೆ (ಗ್ರೂಪರ್ ಮೀನು) ಕಲ್ಲಿನ ಸಂದಿಯಿಂದ ಮೂತಿ ಹೊರಗೆ ಹಾಕುವುದೇ ಅದರ ನಂತರ. ಕಾಲಿಗೆ ಹಾಕುವ ಉದ್ದ ಫಿನ್ (ಈಜುವ ರೆಕ್ಕೆ) ತಗೊಂಡರೆ ಸರಿಯಾಗುತ್ತದೆ ಅಂದರು. ಹತ್ತು ಸಾವಿರದ ಹತ್ತಿರ ಹೋಯಿತು. ತಳ ಬೇಗ ಮುಟ್ಟಿದೆ, ಅಷ್ಟೇ ಬೇಗ ಮೇಲೆ ಬಂದೆ. ಆಮೇಲೆ ಪ್ರಾಣಾಯಾಮದ ಕ್ಲಾಸು, ಅದಕ್ಕೂ ಫೀಸು. ಕೂತಲ್ಲಿ ಎರಡು ನಿಮಿಷ ದಾಟಿತು, ನೀರಿಗಿಳಿದರೆ ಮತ್ತದೇ ನಲವತ್ತು. ಕೂತಾಗ ಕಾಲಿಗೆ ಕೆಲಸ ಇಲ್ಲ, ನೀರಲ್ಲಿ ತೊಡೆಯೇ ಅರ್ಧ ಉಸಿರು ತಿನ್ನುತ್ತದೆ.

ಮೂರನೆಯದು ನಮ್ಮ ಕಡೆ ಎಲ್ಲರೂ ಮಾಡುವುದು: ಮುಳುಗುವ ಮೊದಲು ಜೋರಾಗಿ ಹದಿನೈದಿಪ್ಪತ್ತು ಉಸಿರು ಎಳೆದು ಬಿಡುವುದು. ಸಮಯ ನಿಜಕ್ಕೂ ಜಾಸ್ತಿಯಾಗುತ್ತದೆ, ಸುಳ್ಳಲ್ಲ. ಆದರೆ ರಕ್ತದಲ್ಲಿ ಆಮ್ಲಜನಕ ಮೊದಲೇ ತುಂಬಿರುತ್ತದೆ, ಹಾಗೆ ಎಳೆದರೂ ಹೆಚ್ಚೇನೂ ಏರುವುದಿಲ್ಲ. ಹೋಗುವುದು ಇಂಗಾಲದ ಡೈಆಕ್ಸೈಡ್. "ಉಸಿರಾಡು" ಅಂತ ಒಳಗಿಂದ ಒತ್ತಾಯ ಮಾಡುವುದೇ ಅದು. ಒತ್ತಾಯ ಇಲ್ಲದೆ ಆರಾಮಾಗಿ ಕೆಳಗೇ ಇರುತ್ತೀರಿ. ಹತ್ತು ಮೀಟರಿನಲ್ಲಿ ಒತ್ತಡ ಮೇಲಿನ ಎರಡು ಪಟ್ಟು. ಎದ್ದು ಬರುವಾಗ ಅದು ಅರ್ಧಕ್ಕೆ ಇಳಿಯುತ್ತದೆ. ಪುಪ್ಪುಸದಲ್ಲಿ ಉಳಿದ ಆಮ್ಲಜನಕದ ಒತ್ತಡವೂ ಅದರ ಜೊತೆ ಬೀಳುತ್ತದೆ, ಮೇಲೆ ಮುಟ್ಟುವ ಹೊತ್ತಿಗೆ ಪ್ರಜ್ಞೆ ಹೋಗಬಹುದು. ಕುರುಮಗಡ ದ್ವೀಪದ ಹತ್ತಿರ ನನ್ನ ಜೊತೆಗಾರನಿಗೆ ಆದದ್ದು ಇದೇ. ತಲೆ ನೀರಿನಿಂದ ಹೊರಗೆ ಬಂತು, ಒಂದು ಉಸಿರೂ ಎಳೆದ. ತುಟಿ ನೀಲಿ, ಕಣ್ಣು ತೆರೆದೇ ಇದೆ, ಕುತ್ತಿಗೆ ಮಾತ್ರ ಸೋತು ಮುಂದಕ್ಕೆ ಬಿತ್ತು. ನಾನು ಕೈಯಳತೆಯಲ್ಲಿದ್ದೆ. ಗದ್ದ ಎತ್ತಿ ಹಿಡಿದೆ, ಮಾಸ್ಕ್ ಕಿತ್ತೆ, ಮುಖಕ್ಕೆ ಊದಿ ಹೆಸರು ಹಿಡಿದು ಕೂಗಿದೆ. ಸ್ವಲ್ಪ ಹೊತ್ತಿಗೆ "ಎಂತ ಆಯ್ತು?" ಅಂದ. ಅವನಿಗೆ ಏನೂ ನೆನಪಿಲ್ಲ. ಅಂದಿನಿಂದ ಆ ಜೋರು ಉಸಿರು ನಮ್ಮಲ್ಲಿ ಬಂದ್.

ಕೊನೆಗೆ ಕೆಲಸ ಕೊಟ್ಟದ್ದು ಮಳೆಗಾಲ. ಜೂನ್‌ನಿಂದ ಕಾಳಿ ನದಿಯ ಕೆಂಪು ನೀರು ಸಮುದ್ರಕ್ಕೆ ಬಂದರೆ ಈಟಿಗೆ ಹೇಗೂ ರಜೆ. ಆ ತಿಂಗಳುಗಳಲ್ಲಿ ವಾರಕ್ಕೆ ಮೂರು ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಾಪೆ ಮೇಲೆ ಮಲಗಿ ಲೆಕ್ಕ ಹಾಕಿ ಉಸಿರು ಕಟ್ಟುವ ಅಭ್ಯಾಸ, ಇದಕ್ಕೆ ಟೇಬಲ್ ಅನ್ನುತ್ತಾರೆ. ನನ್ನ ಗರಿಷ್ಠದ ಅರ್ಧದಷ್ಟು ಕಟ್ಟುವುದು, ಎಂಟು ಸಲ. ಕಟ್ಟುವ ಸಮಯ ಬದಲಾಗುವುದಿಲ್ಲ, ನಡುವಿನ ವಿಶ್ರಾಂತಿ ಮಾತ್ರ ಎರಡು ನಿಮಿಷದಿಂದ ಹದಿನೈದು ಹದಿನೈದು ಸೆಕೆಂಡ್ ಕಡಿಮೆ. ಆರನೆಯದರ ಹೊತ್ತಿಗೆ ಹೊಟ್ಟೆ ತಾನಾಗಿ ಎಳೆಯಲು ಶುರು ಮಾಡುತ್ತದೆ. ಆಗ ಭುಜ, ದವಡೆ ಸಡಿಲ ಬಿಡುವುದನ್ನು ಕಲಿಯಬೇಕು. ನನ್ನ ಪ್ರಕಾರ ಇಡೀ ಅಭ್ಯಾಸವೇ ಅದು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ನೆಲದ ಮೇಲೆ ಮೂರೂವರೆ ನಿಮಿಷದ ಆಸುಪಾಸು ಬಂದೆ. ನಮ್ಮ ಗುಂಪಿನಲ್ಲಿ ಇನ್ನೂ ಯಾರೂ ಅಲ್ಲಿಗೆ ಬಂದಿಲ್ಲ, ಹೇಳಿಕೊಳ್ಳುತ್ತೇನೆ. ಇದನ್ನು ನೀರಲ್ಲಿ ಒಬ್ಬರೇ ಮಾಡಬೇಡಿ, ಮನೆಯ ಟ್ಯಾಂಕಿನಲ್ಲೂ ಬೇಡ.

ನಡುವೆ ಒಂದು ಹುಚ್ಚು ಪ್ರಯೋಗ. ಟಬ್ಬಿಗೆ ಐಸ್ ನೀರು ಹಾಕಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ ಮುಖ ಮುಳುಗಿಸಿದೆ. ಎಪ್ಪತ್ತರ ಮೇಲಿದ್ದ ನಾಡಿ ಅರ್ಧ ನಿಮಿಷದಲ್ಲಿ ಐವತ್ತೈದರ ಹತ್ತಿರ ಇಳಿಯಿತು. ಮುಖಕ್ಕೆ ತಣ್ಣೀರು ತಾಗಿದರೆ ಎದೆ ಬಡಿತ ನಿಧಾನವಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡ ಹಾಗಾಯಿತು. ನಮ್ಮ ಸಮುದ್ರ ಬೆಚ್ಚಗಿನದು, ಆದರೂ ಇಳಿಯುವ ಮೊದಲು ಮಾಸ್ಕ್ ತೆಗೆದು ಸ್ವಲ್ಪ ಹೊತ್ತು ಮುಖ ನೀರಲ್ಲಿಡುತ್ತೇನೆ. ಚಹಾ ಬಿಟ್ಟು ನೋಡಿದ್ದೂ ಆಯಿತು. ನನಗೆ ಅದರಿಂದ ತಲೆನೋವು ಬಿಟ್ಟರೆ ಬೇರೇನೂ ಸಿಗಲಿಲ್ಲ.

ಇನ್ನು ದೊಡ್ಡ ಜಗಳದ ವಿಷಯ. ಒಬ್ಬ ಕೆಳಗೆ ಮುಳುಗಿದರೆ ಇನ್ನೊಬ್ಬ ಮೇಲೆ ಕಾವಲಿರಬೇಕು ಅಂದಾಗ ದೋಣಿಯ ಅಣ್ಣನೇ ನಕ್ಕ: "ತಮ್ಮಾ, ಇಬ್ಬರ ಪೆಟ್ರೋಲು, ಒಬ್ಬನ ಮೀನು." ಅವನಿಗೆ ಲೆಕ್ಕ ಬಿಡಿಸಿ ತೋರಿಸಿದೆ. ನಾನು ಒಂದು ನಿಮಿಷ ಕೆಳಗಿದ್ದರೆ ಮೇಲೆ ಕನಿಷ್ಠ ಎರಡು ನಿಮಿಷ ಸುಮ್ನೆ ತೇಲಲೇಬೇಕು. ಆ ಎರಡು ನಿಮಿಷದಲ್ಲಿ ಜೊತೆಗಾರ ಒಂದು ನಿಮಿಷ ಮುಳುಗುತ್ತಾನೆ. ಅವನು ಬಂದ ಮೇಲೆ ಅರ್ಧ ನಿಮಿಷ ಅವನ ಮುಖವನ್ನೇ ನೋಡುತ್ತೇನೆ, ಯಾಕೆಂದರೆ ಪ್ರಜ್ಞೆ ಹೋಗುವುದು ಜಾಸ್ತಿ ಅಲ್ಲೇ. ಇನ್ನೂ ಅರ್ಧ ನಿಮಿಷ ಕೈಯಲ್ಲಿ ಉಳಿಯಿತು. ನಷ್ಟ ಎಲ್ಲಿಂದ ಬಂತು? ಮೊದಲು ಒಬ್ಬೊಬ್ಬರೇ ಅವಸರದಲ್ಲಿ ಮುಳುಗಿ ಇಬ್ಬರೂ ಸೇರಿ ದಿನಕ್ಕೆ ಎರಡು ಕಿಲೋ ಕಂಡರೆ ದೊಡ್ಡದು. ಹೋದ ಸೀಸನ್ನಿನಲ್ಲಿ ನೀರು ತಿಳಿಯಾಗಿದ್ದ ದಿನಗಳಲ್ಲಿ ನಾಲ್ಕು-ಐದು ಕಿಲೋ. ಹೋಟೆಲಿನವರು ಗೊಬ್ರೆಗೆ ಕಿಲೋಗೆ ನಾನೂರರ ಹತ್ತಿರ ಕೊಟ್ಟರು. ಆಳೆತ್ತರ ಬೆಳೆಯುವ ದೈತ್ಯ ಗೊಬ್ರೆ ಎದುರಾದರೆ ಈಟಿ ಎತ್ತಬೇಡಿ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ನೀರಲ್ಲಿ ನನ್ನ ಮಿತಿ ಒಂದೂವರೆ ನಿಮಿಷ, ಎಂಟು-ಒಂಬತ್ತು ಮೀಟರ್. ವಾಚ್ ಹೊಡೆದುಕೊಂಡರೆ ಮೀನು ಎದುರಿಗಿದ್ದರೂ ಮೇಲೆ. ಎದ್ದ ಕೂಡಲೇ ಉಸಿರು ಪೂರ್ತಿ ಹೊರಗೆ ಬಿಡುವುದಿಲ್ಲ. ಸ್ವಲ್ಪ ಬಿಟ್ಟು, ಪಟ್ಟನೆ ಎಳೆದು, ಒಂದೆರಡು ಸೆಕೆಂಡ್ ಹಿಡಿದು, ಹೀಗೆ ಮೂರ್ನಾಲ್ಕು ಸಲ. ತಳದಲ್ಲಿ ಗೊಬ್ರೆಯನ್ನು ಹೊರಗೆ ಕರೆಯಲು ನಾನು ಮಾಡುವುದು ಬೇರೆ ಇದೆ. ಅದನ್ನೂ ಕಲ್ಲಿನ ಜಾಗವನ್ನೂ ಕೇಳಬೇಡಿ.

ಸುಲಭವಾಗಿ ಮುಳುಗಲು ಸೊಂಟಕ್ಕೆ ಕಟ್ಟುವ ತೂಕಕ್ಕೆ ಅಂಗಡಿಯ ಬೆಲ್ಟ್ ತಗೊಳ್ಳಲಿಲ್ಲ. ಹಳೆ ಬಲೆಯ ಸೀಸದ ಗುಂಡುಗಳನ್ನು ಅಂಗಳದಲ್ಲಿ, ಗಾಳಿ ಬೆನ್ನಿಗಿಟ್ಟು ಕರಗಿಸಿ, ಮರಳಿನ ಅಚ್ಚಿನಲ್ಲಿ ಹೊಯ್ದು ಲಾರಿ ಟ್ಯೂಬಿನ ಪಟ್ಟಿಗೆ ಪೋಣಿಸಿದೆ. ಐನೂರು ರೂಪಾಯಿಯೊಳಗೆ ಮುಗಿಯಿತು. ಉಸಿರು ಪೂರ್ತಿ ಬಿಟ್ಟ ಮೇಲೂ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ತಲೆ ಅದಕ್ಕಿಂತ ಕೆಳಗೆ ಹೋದರೆ ಒಂದು ಗುಂಡು ತೆಗೆಯಿರಿ. ಬಕಲ್ ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ, ಬಲಗೈಗೂ ಎಡಗೈಗೂ.