ಎಸ್‌ಎಸಿಡಿಯೋ, ಡಿವಿಡಿ-ಆಡಿಯೋವೋ, ಬ್ಲೂ-ರೇಯೋ: ಮನೆಯಲ್ಲೇ ಹೋಲಿಸಿ ಕೇಳುವ ಬಗೆ

ಹೈಬ್ರಿಡ್ ಎಸ್‌ಎಸಿಡಿ (ಮಾಮೂಲಿ ಸಿಡಿ ಪದರವೂ ಸೇರಿದ ಸೂಪರ್ ಆಡಿಯೋ ಸಿಡಿ) ತಂದು ಮಾಮೂಲಿ ಸಿಡಿ ಪ್ಲೇಯರಿಗೆ ಹಾಕಿದರೆ ಹಾಡು ಬರುತ್ತದೆ. ಆದರೆ ಬರುವುದು ಬರೀ ಸಿಡಿಯ ಹಾಡು. ಆ ಡಿಸ್ಕಿನಲ್ಲಿ ಎರಡು ಪದರ: 1.2 ಮಿಮೀ ಆಳದಲ್ಲಿ ಸಿಡಿ, 0.6 ಮಿಮೀ ಆಳದಲ್ಲಿ ಡಿಎಸ್‌ಡಿ, ಅಂದರೆ ಎಸ್‌ಎಸಿಡಿಯಲ್ಲಿ ಸದ್ದು ಬರೆದಿಡುವ ರೀತಿ. ಎರಡನೆಯದನ್ನು ಓದಲು ಡಿವಿಡಿಯ ಕೆಂಪು ಲೇಸರ್ ಜೊತೆಗೆ ಎಸ್‌ಎಸಿಡಿ ಬಿಡಿಸಬಲ್ಲ ಪ್ಲೇಯರೂ ಬೇಕು. ಪ್ಲೇಯರಿನ ಡಿಸ್‌ಪ್ಲೇಯಲ್ಲಿ ಎಸ್‌ಎಸಿಡಿ ಎಂದು ಕಾಣದಿದ್ದರೆ ಹೋಲಿಕೆಯ ಮಾತೇ ಇಲ್ಲ.

ಸೋನಿ, ಫಿಲಿಪ್ಸ್ ಕೂಡಿ 1999ರಲ್ಲಿ ತಂದ ಎಸ್‌ಎಸಿಡಿಯದು 1 ಬಿಟ್, 2.8224 ಮೆಗಾಹರ್ಟ್ಸ್ ಲೆಕ್ಕ. ಮರುವರ್ಷ ಬಂದ ಡಿವಿಡಿ-ಆಡಿಯೋದ್ದು ಪಿಸಿಎಂ, ಸಿಡಿಯಲ್ಲಿರುವ ರೀತಿಯದೇ: ಸ್ಟೀರಿಯೋದಲ್ಲಿ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ, ಸುತ್ತಲೂ ಆರು ಸ್ಪೀಕರಿನ 5.1ರಲ್ಲಿ 96. ಇಲ್ಲೂ ಮೋಸಹೋಗುವ ಜಾಗವಿದೆ. ಇಂಥ ಬಹುತೇಕ ಡಿಸ್ಕುಗಳಲ್ಲಿ ಡಿವಿಡಿ-ವಿಡಿಯೋ ಭಾಗವೂ ಇರುವುದರಿಂದ ಸಾದಾ ಡಿವಿಡಿ ಪ್ಲೇಯರ್ ಅದನ್ನು ನುಡಿಸುತ್ತದೆ. ಹೆಚ್ಚಾಗಿ ಕೇಳಿಸುವುದು ಹಿಂಡಿ ಸಣ್ಣದು ಮಾಡಿದ ಡಾಲ್ಬಿ ಡಿಜಿಟಲ್. ಬ್ಲೂ-ರೇ ಆಡಿಯೋ ಡಿಸ್ಕಿಗೆ ಈ ರಗಳೆ ಇಲ್ಲ, ಯಾವ ಬ್ಲೂ-ರೇ ಪ್ಲೇಯರಾದರೂ ಸಾಕು. ಹೊಸದಾಗಿ ಶುರುಮಾಡುವವರಿಗೆ ಅದೇ ಸಲೀಸು. ಎಸ್‌ಎಸಿಡಿಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ, ಜಾಝ್ ಧಾರಾಳ. ಹಿಂದೂಸ್ತಾನಿ ಹುಡುಕುವವರಿಗೆ ಸಿಗುವುದು ಕಮ್ಮಿ.

ಡಿಸ್ಕಿಗಿಂತ ಮೊದಲು ನಿಮ್ಮ ಆಂಪ್ಲಿಫೈಯರಿನ ಹಿಂಬದಿ ನೋಡಿ. ಕೆಂಪು-ಬಿಳಿ ಆರ್‌ಸಿಎ ಜಾಕ್ ಮಾತ್ರ ಇದ್ದರೆ ಅನಲಾಗ್ ಔಟ್‌ಪುಟ್ ಇರುವ ಪ್ಲೇಯರನ್ನೇ ಹುಡುಕಬೇಕು. ಮೂರೂ ಬಗೆಯ ಡಿಸ್ಕ್ ಓದುವ ಸೋನಿ ಯುಬಿಪಿ-ಎಕ್ಸ್800 ತಂದರೂ ಅದಕ್ಕೆ ಜೋಡಿಸಲಾಗದು, ಅದರಲ್ಲಿ ಅನಲಾಗ್ ಔಟ್‌ಪುಟ್ ಇಲ್ಲ. ಕೊಯಾಕ್ಸಿಯಲ್ ಎಂಬ ಡಿಜಿಟಲ್ ವಾಯರಿನಲ್ಲಿ ಡಿಎಸ್‌ಡಿ ಹೊರಗೆ ಬರುವುದಿಲ್ಲ. ನಕಲು ತಡೆಯಲು ಹಾಕಿದ ಬೀಗ ಅದು. ಎಚ್‌ಡಿಎಂಐನಲ್ಲಿ ಬರುತ್ತದೆ. ರಿಸೀವರಿಗೆ (ಎಚ್‌ಡಿಎಂಐ ಇರುವ ಆಂಪ್ಲಿಫೈಯರಿಗೆ) ಡಿಎಸ್‌ಡಿ ಅರ್ಥವಾಗದೆ ಸದ್ದೇ ಬರದಿದ್ದರೆ ಪ್ಲೇಯರಿನ ಸೆಟ್ಟಿಂಗಿನಲ್ಲಿ ಡಿಎಸ್‌ಡಿ ಔಟ್‌ಪುಟ್ ಆಫ್ ಮಾಡಿ, ಪಿಸಿಎಂ ಆಗಿ ಹೋಗುತ್ತದೆ.

ಇನ್ನು ಹೋಲಿಕೆ. ಇಲ್ಲಿ ಎಲ್ಲರೂ ಎಡವುವುದು ವಾಲ್ಯೂಮಿನಲ್ಲಿ. ಒಂದೇ ಡಿಸ್ಕಿನ ಎರಡು ಪದರಗಳ ಮಟ್ಟ ಹೆಚ್ಚುಕಡಿಮೆ ಇರುತ್ತದೆ, ತುಸು ಜೋರಾದದ್ದೇ ಕಿವಿಗೆ ಚೆಂದ. ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಕರೆಂಟಿನ ಕೆಲಸದವರ ಅಗ್ಗದ ಮೀಟರಿನಲ್ಲಿ ಎಸಿ ರೇಂಜ್ 200 ವೋಲ್ಟಿನಿಂದಲೇ ಶುರುವಾಗುತ್ತದೆ, ಅದು ಪ್ರಯೋಜನಕ್ಕಿಲ್ಲ. 2 ವೋಲ್ಟ್ ರೇಂಜ್ ಬೇಕು. ಮುಳ್ಳಾಗಲಿ ಅಂಕಿಯಾಗಲಿ ಕುಣಿಯದಂತೆ ನಿಂತ ಸ್ವರವಿರುವ ಜಾಗ ಆರಿಸಿ: ಆಲಾಪಕ್ಕೆ ಮುಂಚಿನ ತಂಬೂರಿ, ಆರ್ಗನ್ನಿನ ಉದ್ದ ಸ್ವರ. ಒಂದು ಪದರದಲ್ಲಿ 0.50, ಇನ್ನೊಂದರಲ್ಲಿ 0.56 ಬಂದರೆ ವ್ಯತ್ಯಾಸ ಸುಮಾರು 1 ಡೆಸಿಬಲ್. ಕಿವಿ ಮೋಸಹೋಗಲು ಅಷ್ಟು ಧಾರಾಳ. ಶೇಕಡಾ 1-2ರೊಳಗೆ ತನ್ನಿ. ವಾಲ್ಯೂಮ್ ಗುರುತು ಬರೆದಿಟ್ಟುಕೊಂಡು ರಿಮೋಟನ್ನು ಮನೆಯ ಇನ್ನೊಬ್ಬರ ಕೈಗೆ ಕೊಡಿ, ಯಾವುದು ನುಡಿಯುತ್ತಿದೆ ಎಂದು ಅವರು ಹೇಳಬಾರದು. 16 ಸಲವಾದರೂ ಮಾಡಿ. 12 ಸರಿಯಾದರೆ ಕಿವಿಗೆ ಏನೋ ಸಿಕ್ಕಿದೆ.

ಸಿಕ್ಕಿದರೂ ಅದು ಫಾರ್ಮ್ಯಾಟಿನದೇ ಗುಣ ಎನ್ನಬೇಡಿ, ಎರಡು ಪದರಕ್ಕೆ ಬೇರೆ ಬೇರೆ ಮಾಸ್ಟರ್ (ಡಿಸ್ಕ್ ಅಚ್ಚುಹಾಕುವ ಮುನ್ನ ಹದಮಾಡಿದ ಮೂಲಪ್ರತಿ) ಬಳಸಿರಬಹುದು. 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಡಿಸ್ಕುಗಳ ಸದ್ದನ್ನೇ ಸಿಡಿಯ ಮಟ್ಟವಾದ 16 ಬಿಟ್, 44.1 ಕಿಲೋಹರ್ಟ್ಸಿಗೆ ಇಳಿಸಿ, ಮೂಲದ ಜೊತೆ ಹೋಲಿಸಿ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ 276, ನಾಣ್ಯ ಚಿಮ್ಮಿದಷ್ಟೇ. ಹಾಗಾಗಿ ದುಡ್ಡು ಹಾಕುವುದಾದರೆ ಒಳ್ಳೆಯ ಮಾಸ್ಟರಿಂಗಿಗೆ ಹಾಕಿ, ಡಿಸ್ಕಿನ ಮೇಲಿನ ಫಾರ್ಮ್ಯಾಟ್ ಮುದ್ರೆಗಲ್ಲ.

ಶಿರಸಿ ಕಡೆಯ ಹಂಚಿನ ಮನೆಯಲ್ಲಿ ಜಡಿಮಳೆ ಹೊಯ್ಯುವಾಗ ಈ ಪರೀಕ್ಷೆಗೆ ಕೂರಬೇಡಿ, ಆಗ ಸಿಡಿ ಹಿಡಿಯಬಲ್ಲ ಮೆಲು-ಜೋರು ಸದ್ದಿನ 96 ಡೆಸಿಬಲ್ ಅಂತರವೇ ಕೋಣೆಗೆ ಹೆಚ್ಚು. ಬೋಳು ಸಿಮೆಂಟು ನೆಲವಾದರೆ ಸ್ಪೀಕರಿಗೂ ನಿಮಗೂ ನಡುವೆ ಜಮಖಾನ ಹಾಸಿ. ಕಾರವಾರ, ಕುಮಟಾದಂಥ ಕಡಲಂಚಿನಲ್ಲಿ ಆರ್‌ಸಿಎ ಜಾಕಿಗೆ ಕಿಲುಬು ಹಿಡಿದು ಒಂದು ಬದಿ ಸೋತಂತೆ ಕೇಳುತ್ತದೆ. ಪ್ಲಗ್ಗನ್ನು ನಾಲ್ಕು ಸಲ ತಿರುಗಿಸಿ ಹಾಕಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಡಿಸ್ಕಿಗೆ ಬೂಷ್ಟು ಬಂದರೆ ಸೋಪಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತುಸುತ್ತಾಗಿ ಬೇಡ. ಸಿಡಿ ಪದರ ಓದುವ ಎಸ್‌ಎಸಿಡಿ ಪ್ಲೇಯರು ಎಸ್‌ಎಸಿಡಿ ಪದರ ಕಂಡರೆ 'ಡಿಸ್ಕ್ ಇಲ್ಲ' ಎಂದರೆ ಡಿಸ್ಕನ್ನು ಬೈಯುವ ಮೊದಲು ಲೆನ್ಸ್ ಮಂಜಾಗಿದೆಯೇ ನೋಡಿ. ಗಂಟೆ ಹೊತ್ತು ಆನ್ ಮಾಡಿಟ್ಟು ಇನ್ನೊಮ್ಮೆ ಹಾಕಿ. ಆಗಲೂ ಓದದಿದ್ದರೆ ಸೋತದ್ದು ಕೆಂಪು ಲೇಸರ್ ಇರಬಹುದು.