ಲಂಡನ್ನಿನ ಹಳೆಯ ಟೆರೇಸ್ ಮನೆ ಯಾವ ಕಾಲದ್ದು? ಪತ್ತೆ ಹಚ್ಚುವ ಕ್ರಮ

ನಡುಗೋಡೆ ಹಂಚಿಕೊಂಡು ಸಾಲಾಗಿ ನಿಂತ ಇಂಥ ಮನೆಯ ಕಾಲ ತಿಳಿಯಬೇಕಾದರೆ ಬಾಗಿಲಿನಿಂದ ಶುರು ಮಾಡಬೇಡಿ. ಬಾಗಿಲನ್ನು ಯಾರು ಬೇಕಾದರೂ ಬದಲಿಸಿರಬಹುದು. ಕಿಟಕಿಯ ಚೌಕಟ್ಟು ಗೋಡೆಯೊಳಗೆ ಎಷ್ಟು ಆಳದಲ್ಲಿ ಕೂತಿದೆ ಎಂಬುದು ಮಾತ್ರ ಗೋಡೆ ಏಳುವಾಗಲೇ ತೀರ್ಮಾನವಾಗಿರುತ್ತದೆ. ಮೊದಲು ಅದನ್ನೇ ಅಳೆಯಿರಿ.

ಲಂಡನ್ನನ್ನು ಸುಟ್ಟ 1666ರ ಬೆಂಕಿಯ ನಂತರ ಹೊರಗಿನ ಮರ ಕಡಿಮೆ ಮಾಡಲು ಒಂದಾದ ಮೇಲೊಂದು ಕಾನೂನು ಬಂತು. 1707ರ ಕಾನೂನು ಸೂರಿನಂಚಿನಲ್ಲಿ ಹೊರಚಾಚುವ ಮರದ ಪಟ್ಟಿ, ಅಂದರೆ ಕಾರ್ನಿಸ್ ನಿಲ್ಲಿಸಿತು. ಹಾಗಾಗಿ ಗೋಡೆ ಮಾಡಿಗಿಂತ ಮೇಲೆದ್ದು ಪ್ಯಾರಪೆಟ್ ಆಯಿತು. 1709ರದು ಚೌಕಟ್ಟನ್ನು ಗೋಡೆಯ ಮೈಯಿಂದ 4 ಅಂಗುಲ ಒಳಗೆ ಕೂರಿಸಲು ಹೇಳಿತು. 1774ರದು ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಯ ತೂಕದ ಗುಂಡು ಇರುವ ಪೆಟ್ಟಿಗೆಯನ್ನೂ ಇಟ್ಟಿಗೆಯ ಹಿಂದೆ ಅಡಗಿಸಿತು. ಹೊರಗೆ ಮರ ಒಂದು ತೆಳು ಅಂಚಿನಷ್ಟೇ ಕಾಣುತ್ತದೆ. ಆದರೆ ಎಲ್ಲ ಮೇಸ್ತ್ರಿಗಳೂ ಕಾನೂನು ಬಂದ ದಿನವೇ ಪಾಲಿಸಲಿಲ್ಲ. ಗೋಡೆಗೆ ಸಮವಾಗಿ ಕೂತ ಕಿಟಕಿ ಕಂಡ ಕೂಡಲೇ 1709ಕ್ಕೂ ಹಿಂದಿನದು ಎಂದು ಬರೆದುಬಿಡಬೇಡಿ. ಇವು ಲಂಡನ್ನಿನ ಕಾನೂನುಗಳು, ಬಾತ್, ಬ್ರಿಸ್ಟಲ್‌ನಂಥ ಬೇರೆ ಊರಿನ ಮನೆಗಳಿಗೆ ಈ ಲೆಕ್ಕ ಹಚ್ಚಲೂಬೇಡಿ.

ಈಗ ಗಾಜಿನ ನಡುವಿನ ಮರದ ಪಟ್ಟಿ ನೋಡಿ. 18ನೇ ಶತಮಾನದ ಆರಂಭದಲ್ಲಿ ಅದು ಒಂದೂವರೆ ಅಂಗುಲದಷ್ಟು ದಪ್ಪ, ಕೊನೆಗೆ ಬರುವ ಹೊತ್ತಿಗೆ ಅರ್ಧ ಅಂಗುಲ. 1845ರಲ್ಲಿ ಗಾಜಿನ ಮೇಲಿನ ಸುಂಕ ಹೋದ ಮೇಲೆ ದೊಡ್ಡ ಹಾಳೆಗಳು ಬಂದವು. ಪಟ್ಟಿಗಳು ಕಡಿಮೆಯಾಗಿ ಚೌಕಟ್ಟು ಸಡಿಲಾಗತೊಡಗಿತು. ಮೂಲೆಯ ಬೆಸುಗೆ ಗಟ್ಟಿಯಾಗಲೆಂದು ಮೇಲಿನ ಸ್ಯಾಶಿನ (ಜಾರುವ ಅರ್ಧದ) ಕೆಳಮೂಲೆಗಳಲ್ಲಿ ಕೊಂಬಿನಂಥ ತುಂಡು ಬಿಟ್ಟರು. ಹಳೆಯ ಮಾದರಿಯಂತೆ ಆರು ಗಾಜಿನ ಮೇಲೆ ಆರು ಗಾಜು ಇದ್ದೂ ಕೊಂಬು ಇದ್ದರೆ ಆ ಕಿಟಕಿ ಬಹುತೇಕ ಆಮೇಲೆ ಹಾಕಿದ್ದು. ಗೋಡೆ ಹಳೆಯದೇ ಇರಬಹುದು.

ಮುಚ್ಚಿದ ಕಿಟಕಿ ಕಂಡರೆ ಎಲ್ಲರೂ ಕಿಟಕಿ ತೆರಿಗೆ (1696–1851) ಉಳಿಸಲು ಮುಚ್ಚಿದ್ದು ಎನ್ನುತ್ತಾರೆ. ಬಹಳಷ್ಟು ಸಲ ಅದು ತಪ್ಪು. ಎರಡೂ ಪಕ್ಕ ಸಮ ಕಾಣಲೆಂದು ಮೊದಲೇ ಕುರುಡು ಕಿಟಕಿ ಕಟ್ಟುತ್ತಿದ್ದರು. ಅಂಚಿನ ಹತ್ತಿರ ಹೋಗಿ ನೋಡಿ: ಇಟ್ಟಿಗೆ ವರಸೆ ಅಕ್ಕಪಕ್ಕದ ಗೋಡೆಯೊಳಗೆ ಹಲ್ಲು ಕಚ್ಚಿ ಹೋಗಿದ್ದರೆ ಮೊದಲಿನಿಂದಲೂ ಕುರುಡು. ಮೇಲಿಂದ ಕೆಳಗೆ ನೇರ ಗೆರೆ ಬಿದ್ದಿದ್ದು, ಗಾರೆಯ ಬಣ್ಣವೂ ಬೇರೆಯಿದ್ದರೆ ಆಮೇಲೆ ತುಂಬಿದ್ದು.

ಮುಂಗೋಡೆಯ ಇಟ್ಟಿಗೆ ಒಂದು ಉದ್ದ, ಒಂದು ಅಡ್ಡ ಎಂದು ಸಾಗುವ ಫ್ಲೆಮಿಶ್ ಕಟ್ಟು. ಇಲ್ಲಿ ಎಚ್ಚರ ಬೇಕು. ದುಬಾರಿ ಇಟ್ಟಿಗೆ ಉಳಿಸಲು ಅಡ್ಡ ಇಟ್ಟಿಗೆಯನ್ನು ಅರ್ಧಕ್ಕೆ ಮುರಿದು ಹಚ್ಚಿರುತ್ತಾರೆ. ಒಳಗೋಡೆಗೂ ಹೊರಪದರಕ್ಕೂ ಹಿಡಿತ ಸಾಲದೆ ಮುಂಭಾಗ ಉಬ್ಬುತ್ತದೆ. ಮೇಲಿನಿಂದ ತೂಗುಗುಂಡು ಬಿಟ್ಟು ಪ್ರತಿ ಮಹಡಿಯಲ್ಲೂ ಅಂತರ ಬರೆದುಕೊಳ್ಳಿ. ಸಂದುಗಳಿಗೆ ಸಿಮೆಂಟ್ ಮೆತ್ತಿದ್ದರೆ ಸುಣ್ಣದ ಗಾರೆಯಿಂದ ಹೊರಹೋಗಬೇಕಾದ ನೀರು ಇಟ್ಟಿಗೆಯೊಳಗೇ ನಿಂತು, ಚಳಿಯಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮೈಯೇ ಸಿಪ್ಪೆಯಾಗಿ ಏಳುತ್ತದೆ.

ಮುಂದೆ ಏನೇ ಕಂಡರೂ ಹಿಂಬದಿ ನೋಡದೆ ನಿರ್ಧಾರ ಬೇಡ. ಮುಂಭಾಗಕ್ಕೆ ಹೊಸ ಇಟ್ಟಿಗೆ, ಸ್ಟಕ್ಕೊ ಗಾರೆ ಹಚ್ಚಿದವರು ಹಿಂದಿನ ಗೋಡೆಯನ್ನು ಹೆಚ್ಚಾಗಿ ಮುಟ್ಟುತ್ತಿರಲಿಲ್ಲ. ಪ್ಯಾರಪೆಟ್ಟಿನ ಹಿಂದೆ ಅಡಗಿದ, ನಡುವೆ ಕಣಿವೆಯಿರುವ ಮಾಡು ಹಿಂದಿನಿಂದ V ಆಕಾರದಲ್ಲಿ ಕಾಣುತ್ತದೆ. ಆ ಕಣಿವೆಯ ಸೀಸದ ಗಟಾರ ಕಟ್ಟಿಕೊಂಡರೆ ನೀರು ನೇರ ಮೇಲಂತಸ್ತಿನ ತೊಲೆಗಳಿಗೆ ಇಳಿಯುತ್ತದೆ.

ಕೊನೆಗೆ ನಿಮ್ಮ ಊಹೆಯನ್ನು ರಿಚರ್ಡ್ ಹಾರ್ವುಡ್‌ನ ಲಂಡನ್ ನಕ್ಷೆಗೆ (1792–99) ಹೋಲಿಸಿ. ಒಂದೊಂದು ಮನೆಯನ್ನೂ ತೋರಿಸುವ ಉದ್ದೇಶದಿಂದ ಮಾಡಿದ ನಕ್ಷೆ ಅದು. ಆ ಜಾಗ ಅಲ್ಲಿ ಬರಿ ಹೊಲವಾಗಿದ್ದರೆ ಮನೆ ಆಮೇಲಿನದು. ಮನೆ ಇದ್ದರೆ ಹಿಂಬದಿಯ ಚಾಚನ್ನೂ ತಾಳೆ ನೋಡಿ, ಏಕೆಂದರೆ ಅದೇ ನಿವೇಶನದಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟಿರಬಹುದು.